ಅಜ್ಜನ ಕನ್ನಡಕ ಮತ್ತು ಪಕ್ಕದ ಬೆಳಕು



ಅಂಬಿಕಾನಗರದ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಒಂದು ಫೋಟೊ ಇದೆ. ನಮ್ಮ ಯಜಮಾನರು ನಾಗಝರಿ ವಿದ್ಯುದಾಗಾರದ ಕೆಲಸದಿಂದ ನಿವೃತ್ತರಾದ ದಿನ ತೆಗೆದದ್ದು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ, ಎಲ್ಲವೂ ಸರಿಯಾಗಿ ಬಂದಿವೆ. ಆದರೆ ಕನ್ನಡಕದ ಜಾಗದಲ್ಲಿ ಎರಡು ಬಿಳಿ ಬಿಲ್ಲೆಗಳಿವೆ. ಫ್ಲ್ಯಾಶಿನ ಬೆಳಕು ಗಾಜಿಗೆ ಬಡಿದು ಕಣ್ಣುಗಳನ್ನು ಮುಚ್ಚಿಬಿಟ್ಟಿದೆ. ಅವರು ಎಂದೂ ಫೋಟೊಕ್ಕೆ ನಿಲ್ಲುವವರಲ್ಲ. ಹಾಗಾಗಿ ನಮ್ಮಲ್ಲಿ ಉಳಿದಿರುವ ಒಳ್ಳೆಯ ದೊಡ್ಡ ಫೋಟೊ ಅದೊಂದೇ.

ಈ ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ಮಗಳ ಮಗಳು ಬಂದಿದ್ದಳು. ಎಂಟನೆಯ ತರಗತಿಗೆ ಹೋಗುವ ಹುಡುಗಿ. ಅಜ್ಜ ಹೋದಾಗ ಅವಳಿಗೆ ಒಂದೂವರೆ ವರ್ಷ. ಒಂದು ಮಧ್ಯಾಹ್ನ ಆ ಫೋಟೊದ ಮುಂದೆ ಬಹಳ ಹೊತ್ತು ನಿಂತಿದ್ದವಳು ಕೇಳಿದಳು: "ಅಜ್ಜಿ, ಅಜ್ಜಾರ ಕಣ್ಣು ಹೆಂಗಿದ್ವು?"

ನಾನು ಹೇಳಲು ಹೋದೆ. ಸಣ್ಣ ಕಣ್ಣು, ನಕ್ಕರೆ ಮುಚ್ಚಿಹೋಗುತ್ತಿದ್ದವು ಎಂದೆ. ಅಷ್ಟಕ್ಕೇ ನಿಂತೆ. ಮಾತಿನಲ್ಲಿ ಹೇಳಿದರೆ ಕಣ್ಣು ಕಂಡೀತೇ?

ಅವಳು ಬಿಡಲಿಲ್ಲ. "ಫೋಟೊದಾಗ ಯಾಕ ಹಿಂಗ ಬೆಳ್ಳಗ ಆಗ್ಯಾವು?" ಎಂದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವಿಬ್ಬರೂ ಹದಿನೈದು ದಿನ ಕಳೆದೆವು. ಅವಳ ಮಾಮ, ಅಂದರೆ ನನ್ನ ಮಗ, ಮೇಷ್ಟ್ರಾದ. ಅವನಿಗೆ ಫೋಟೊ ತೆಗೆಯುವ ಹುಚ್ಚು. ಕಲಿತದ್ದನ್ನು ಈ ವಾರ ನಿಮಗೆ ಹೇಳುತ್ತೇನೆ.

ಮೊದಲು ಬಿಳಿ ಬಿಲ್ಲೆಯ ಗುಟ್ಟು. ಕೇರಂ ಆಡಿದ್ದೀರಲ್ಲ? ಸ್ಟ್ರೈಕರನ್ನು ಎದುರಿನ ಅಂಚಿಗೆ ನೇರವಾಗಿ ಹೊಡೆದರೆ ನೇರವಾಗಿ ನಿಮ್ಮ ಕಡೆಗೇ ತಿರುಗಿ ಬರುತ್ತದೆ. ಓರೆಯಾಗಿ ಹೊಡೆದರೆ ಅಷ್ಟೇ ಓರೆಯಾಗಿ ಇನ್ನೊಂದು ಬದಿಗೆ ಹೋಗುತ್ತದೆ. ಗಾಜಿಗೆ ಬಿದ್ದ ಬೆಳಕೂ ಹೀಗೆಯೇ. ಫ್ಲ್ಯಾಶ್ ಕ್ಯಾಮೆರಾದ ತಲೆಯ ಮೇಲೇ ಕೂತಿದ್ದರೆ ಬೆಳಕು ಮುಖದ ಕಡೆಗೆ ನೇರವಾಗಿ ಹೋಗಿ, ಕನ್ನಡಕಕ್ಕೆ ಬಡಿದು, ಕ್ಯಾಮೆರಾದ ಕಡೆಗೇ ನೇರವಾಗಿ ಬರುತ್ತದೆ. ಬಂದ ಬೆಳಕನ್ನು ಕ್ಯಾಮೆರಾ ಪಾಪ ಹಾಗೆಯೇ ಹಿಡಿದಿಡುತ್ತದೆ. ಕೆಲವು ಫೋಟೊಗಳಲ್ಲಿ ಕಣ್ಣಿನ ಪಾಪೆ ಕೆಂಪಗೆ ಹೊಳೆಯುವುದೂ ಇದೇ ಕಾರಣಕ್ಕೆ. ಬೆಳಕು ಪಾಪೆಯೊಳಗೆ ನೇರ ಹೊಕ್ಕು, ಕಣ್ಣಿನ ಹಿಂದಿನ ರಕ್ತನಾಳಗಳ ಕೆಂಪನ್ನು ಹೊತ್ತು ನೇರ ಹೊರಗೆ ಬರುತ್ತದೆ.

ಹಾಗಾದರೆ ಪರಿಹಾರವೇನು? ಫ್ಲ್ಯಾಶನ್ನು ಕ್ಯಾಮೆರಾದ ತಲೆಯಿಂದ ಇಳಿಸಿ ಪಕ್ಕಕ್ಕೆ ಒಯ್ಯುವುದು. ಇಡೀ ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಪಕ್ಕದ ಬೆಳಕಿನಿಂದ ಇನ್ನೊಂದು ಲಾಭವೂ ಇದೆ. ಅದನ್ನು ತಿಳಿಯಲು ಫ್ಲ್ಯಾಶೂ ಬೇಡ, ಕ್ಯಾಮೆರಾವೂ ಬೇಡ. ಒಂದು ಹಲಸಿನಹಣ್ಣು, ಒಂದು ಟಾರ್ಚ್ ಸಾಕು. ರಾತ್ರಿ ಕೋಣೆಯ ದೀಪ ಆರಿಸಿ, ಹಣ್ಣನ್ನು ಮೇಜಿನ ಮೇಲಿಡಿ. ಟಾರ್ಚನ್ನು ನಿಮ್ಮ ಹಣೆಗೆ ಹಿಡಿದು ನೇರವಾಗಿ ಬೆಳಕು ಬಿಡಿ. ಹಲಸು ಚಪ್ಪಟೆಯಾಗಿ, ಹಸಿರು ತಟ್ಟೆಯ ಹಾಗೆ ಕಾಣುತ್ತದೆ. ಈಗ ಟಾರ್ಚನ್ನು ಕೈ ಚಾಚಿ ಪಕ್ಕಕ್ಕೆ ಹಿಡಿಯಿರಿ. ಒಂದೊಂದು ಮುಳ್ಳಿಗೂ ಒಂದೊಂದು ನೆರಳು ಹುಟ್ಟುತ್ತದೆ. ಹಣ್ಣು ದುಂಡಗೆ, ಮುಟ್ಟಿದರೆ ಚುಚ್ಚುವ ಹಾಗೆ ಕಾಣುತ್ತದೆ. ಹಣ್ಣು ಅದೇ, ಟಾರ್ಚೂ ಅದೇ. ಬದಲಾದದ್ದು ಬೆಳಕು ಬರುವ ದಿಕ್ಕು ಮಾತ್ರ.

ನಮ್ಮ ಮುಖವೂ ಆ ಹಲಸಿನ ಹಾಗೆಯೇ. ಮೂಗು, ಗಲ್ಲ, ಹಣೆಯ ಗೆರೆ ಎಲ್ಲಕ್ಕೂ ಏರಿಳಿತವಿದೆ. ಎದುರಿನ ಬೆಳಕು ಅವನ್ನೆಲ್ಲ ಒರೆಸಿಹಾಕುತ್ತದೆ. ಪಕ್ಕದ ಬೆಳಕು ಒಂದೊಂದನ್ನೂ ಬರೆದು ತೋರಿಸುತ್ತದೆ.

ಅಜ್ಜ-ಅಜ್ಜಿಯರಿಗೆ ಇದು ಹೊಸದಲ್ಲ. ದೊಂದಿ ಬೆಳಕಿನ ಯಕ್ಷಗಾನ ನೋಡಿದವರನ್ನು ಕೇಳಿ. ರಂಗದ ಬದಿಯಲ್ಲಿ ದೊಂದಿ ಉರಿಯುತ್ತಿದ್ದರೆ ವೇಷಗಾರನ ಅರ್ಧ ಮುಖ ಉರಿ, ಅರ್ಧ ಮುಖ ಕತ್ತಲೆ. ಕಿರೀಟದ ಒಂದೊಂದು ಮಿಂಚೂ ಬೇರೆ ಬೇರೆ. ಪಾಸ್‌ಪೋರ್ಟ್ ಫೋಟೊಕ್ಕೆಂದು ಸ್ಟುಡಿಯೋಕ್ಕೆ ಹೋದಾಗ ಎರಡು ಬದಿಗೆ ಬಿಳಿ ಕೊಡೆ ಬಿಚ್ಚಿಟ್ಟ ದೀಪಗಳನ್ನು ನೀವೂ ನೋಡಿರುತ್ತೀರಿ ಮಕ್ಕಳೇ. ಮಳೆಯೇ ಇಲ್ಲದ ಕೋಣೆಯಲ್ಲಿ ಕೊಡೆ ಯಾಕೆ ಎಂದು ಯೋಚಿಸಿದ್ದಿರಾ? ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಫ್ಲ್ಯಾಶ್ ಎಂಬ ಪೆಟ್ಟಿಗೆಯೊಳಗೆ ಏನಿದೆ ನೋಡೋಣ. ಅಂಬಿಕಾನಗರದವರಿಗೆ ಇದನ್ನು ಹೇಳುವುದು ಸುಲಭ. ಮಳೆಗಾಲದಲ್ಲಿ ಸುರಿದ ನೀರನ್ನು ಗಣೇಶಗುಡಿಯ ಹತ್ತಿರ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಹಿಡಿದಿಡುತ್ತದೆ. ಅಲ್ಲಿಂದ ಬಿಟ್ಟ ಕಾಳಿ ನದಿಯ ನೀರು ಬೊಮ್ಮನಹಳ್ಳಿಯ ಪಿಕಪ್ ಅಣೆಕಟ್ಟಿಗೆ ಬರುತ್ತದೆ. ಮುಂದೆ ಸುರಂಗದಲ್ಲಿ ಹಾದು, ನಾಗಝರಿಯಲ್ಲಿ ರಭಸದಿಂದ ಇಳಿದು, ಆರು ಘಟಕಗಳ ಟರ್ಬೈನುಗಳನ್ನು ತಿರುಗಿಸುತ್ತದೆ. ಸಣ್ಣಗೆ ಕೂಡಿಸಿಟ್ಟದ್ದನ್ನು ಬೇಕಾದಾಗ ರಭಸವಾಗಿ ಬಿಡುವುದು ಅಣೆಕಟ್ಟಿನ ಕೆಲಸ.

ಫ್ಲ್ಯಾಶಿನೊಳಗೂ ಒಂದು ಪುಟ್ಟ ಅಣೆಕಟ್ಟಿದೆ. ಅದರ ಹೆಸರು ಕೆಪಾಸಿಟರ್. ಗಡಿಯಾರಕ್ಕೆ ಹಾಕುವಂಥ ನಾಲ್ಕು ಸೆಲ್ಲುಗಳಿಂದ ಸ್ವಲ್ಪ ಸ್ವಲ್ಪವೇ ವಿದ್ಯುತ್ತನ್ನು ಕೂಡಿಸಿಕೊಳ್ಳುತ್ತದೆ. ಹಾಗೆ ಕೂಡಿಸಿಕೊಳ್ಳುವಾಗ ಕೆಲವು ಫ್ಲ್ಯಾಶುಗಳಲ್ಲಿ ಸೊಳ್ಳೆ ಗುಂಯ್‌ಗುಟ್ಟಿದಂಥ ಸದ್ದು ಕೇಳುತ್ತದೆ. ತುಂಬಿದಾಗ ಸಣ್ಣ ದೀಪ ಹೊತ್ತಿಕೊಳ್ಳುತ್ತದೆ. ಗುಂಡಿ ಒತ್ತಿದ ಕ್ಷಣ, ಕೂಡಿಸಿಟ್ಟದ್ದೆಲ್ಲ ಝೆನಾನ್ ಅನಿಲ ತುಂಬಿದ ಗಾಜಿನ ಕೊಳವೆಯೊಳಗೆ ನುಗ್ಗಿ ಬೆಳಕಾಗುತ್ತದೆ. ಆ ಬೆಳಕು ಇರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸೆಲ್ಲುಗಳು ಸಣ್ಣವಾದರೂ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ತುಂಬಿರುತ್ತದೆ. ಸೆಲ್ಲು ತೆಗೆದ ಮೇಲೂ ಅದು ಒಳಗೇ ಕೂತಿರಬಹುದು. ಕೆಟ್ಟ ಫ್ಲ್ಯಾಶನ್ನು, ಹಳೆಯ ಕ್ಯಾಮೆರಾವನ್ನು ಸ್ಕ್ರೂಡ್ರೈವರ್ ಹಿಡಿದು ಬಿಚ್ಚಲು ಹೋಗಬೇಡಿ. ಮಕ್ಕಳಿಗಷ್ಟೇ ಅಲ್ಲ, ಎಲ್ಲವನ್ನೂ ಬಿಚ್ಚಿ ನೋಡುವ ಚಟವಿರುವ ಅಜ್ಜಂದಿರಿಗೂ ಈ ಮಾತು.

ಇನ್ನು ಸಾಮಾನು. ಮಗನ ಬಳಿ ಇದ್ದದ್ದು ಒಂದು ಹಳೆಯ ಡಿಜಿಟಲ್ ಕ್ಯಾಮೆರಾ, ಒಂದು ಸಾದಾ ಫ್ಲ್ಯಾಶ್, ಒಂದು ಜೋಡಿ ರೇಡಿಯೋ ಟ್ರಿಗರ್. ಟ್ರಿಗರಿನ ಒಂದು ತುಂಡು ಕ್ಯಾಮೆರಾದ ಮೇಲೆ, ಇನ್ನೊಂದು ಫ್ಲ್ಯಾಶಿನ ಕೆಳಗೆ. ಕ್ಯಾಮೆರಾ "ಈಗ" ಎಂದರೆ ತಂತಿಯಿಲ್ಲದೆಯೇ ಫ್ಲ್ಯಾಶಿಗೆ ಕೇಳಿಸುತ್ತದೆ. ಶುರು ಮಾಡುವವರಿಗೆ ತಾನೇ ಲೆಕ್ಕ ಹಾಕುವ ದುಬಾರಿ ಫ್ಲ್ಯಾಶ್ ಬೇಡ. ಬೆಳಕನ್ನು ಕೈಯಿಂದಲೇ ಹೆಚ್ಚು ಕಡಿಮೆ ಮಾಡಲು ಬರುವಂಥದ್ದು ಸಾಕು. ಆದರೆ ಅಟ್ಟದ ಮೇಲಿರುವ ರೀಲ್ ಕ್ಯಾಮೆರಾ ಕಾಲದ ಫ್ಲ್ಯಾಶನ್ನು ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಹಾಗೆಯೇ ಸಿಕ್ಕಿಸಬೇಡಿ. ಅವುಗಳಲ್ಲಿ ಕೆಲವು ಕ್ಯಾಮೆರಾಕ್ಕೆ ಹೆಚ್ಚು ವೋಲ್ಟೇಜ್ ಕಳಿಸಿ ಅದನ್ನು ಸುಟ್ಟುಬಿಡಬಹುದು. ತಿಳಿದವರನ್ನು ಮೊದಲು ಕೇಳಿ.

ಸಂಜೆ ಪಡಸಾಲೆಯಲ್ಲಿ ಪಾಠ ಶುರುವಾಯಿತು. ಫೋಟೊಕ್ಕೆ ಕೂರುವವಳು ನಾನು. ನನಗೂ ಕನ್ನಡಕ ಉಂಟಲ್ಲ!

ಮೊದಲು ಮಗ ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ ತಿರುಗಿಸಿದ. ಐಎಸ್ಒ 200, ಷಟರ್ 1/125 ಸೆಕೆಂಡು, ಅಪರ್ಚರ್ ಎಫ್ 5.6. ಫ್ಲ್ಯಾಶ್ ಹಾಕದೆ ಒಂದು ಫೋಟೊ ತೆಗೆಯಲು ಹೇಳಿದ. ಬಂದದ್ದು ಕಾಡಿಗೆ ಹಚ್ಚಿದಂಥ ಕಪ್ಪು.

"ಮಾಮಾ, ಏನೂ ಬಂದಿಲ್ಲ!"

"ಅದs ಬೇಕು. ಈಗ ಇದರಾಗ ಬರೋ ಬೆಳಕೆಲ್ಲಾ ನೀ ಇಟ್ಟದ್ದs ಆಗಿರ್ತದ," ಎಂದ ಅವನು.

ಆಮೇಲೆ ಫ್ಲ್ಯಾಶನ್ನು ಒಂದು ಕೋಲಿಗೆ ಕಟ್ಟಿ ಅವಳ ತಮ್ಮನ ಕೈಗೆ ಕೊಟ್ಟ. ನನ್ನ ಮುಖದಿಂದ ಸುಮಾರು ಒಂದು ಮೀಟರ್ ದೂರ, ಬಲಗಡೆಗೆ 45 ಡಿಗ್ರಿ ಓರೆಗೆ, ತಲೆಗಿಂತ ಒಂದಿಷ್ಟು ಮೇಲೆ. ಗಡಿಯಾರ ಬಲ್ಲವರಿಗೆ ಸುಲಭದ ಲೆಕ್ಕ: ನಾನು ಗಡಿಯಾರದ ನಡುವೆ ಕೂತಿದ್ದೇನೆ, ಕ್ಯಾಮೆರಾ 6ರಲ್ಲಿದೆ ಎಂದುಕೊಳ್ಳಿ. ಫ್ಲ್ಯಾಶ್ 4 ಮತ್ತು 5ರ ನಡುವೆ ಇರಲಿ. ಫ್ಲ್ಯಾಶಿನ ಶಕ್ತಿ ಪೂರ್ತಿ ಬೇಡ, ಹದಿನಾರರಲ್ಲಿ ಒಂದು ಪಾಲು, ಅಂದರೆ 1/16.

ಕ್ಲಿಕ್. ಮುಖ ಬಂತು. ಆದರೆ ಮೂಗಿನ ನೆರಳು ಚಾಕುವಿನಿಂದ ಕೊಯ್ದ ಹಾಗೆ ಗಲ್ಲದ ಮೇಲೆ ಬಿದ್ದಿತ್ತು. ನಾನು ನಾಟಕದ ಖಳನಾಯಕಿಯಂತೆ ಕಾಣುತ್ತಿದ್ದೆ. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು.

ಈಗ ಆ ಸ್ಟುಡಿಯೋದ ಕೊಡೆಗೆ ಬರೋಣ. ಬೆಳಕಿನ ಮೂಲ ಸಣ್ಣದಿದ್ದರೆ ನೆರಳಿನ ಅಂಚು ಚೂಪು. ಮೂಲ ದೊಡ್ಡದಿದ್ದರೆ ನೆರಳು ಮೆತ್ತಗೆ. ಬಿಸಿಲಿನಲ್ಲಿ ನಮ್ಮ ನೆರಳು ಚೂಪಾಗಿ ಬೀಳುತ್ತದೆ. ಮೋಡ ಮುಸುಕಿದ ದಿನ ನೆರಳೇ ಕಾಣದು, ಯಾಕೆಂದರೆ ಆಗ ಇಡೀ ಆಕಾಶವೇ ದೀಪ. ಬಿಳಿ ಕೊಡೆ ಫ್ಲ್ಯಾಶಿಗೆ ಮೋಡವಿದ್ದಂತೆ. ಅಂಗೈಯಷ್ಟಿದ್ದ ಬೆಳಕನ್ನು ಕೊಡೆಯಷ್ಟು ಅಗಲ ಮಾಡುತ್ತದೆ. ನಮ್ಮ ಮನೆಯಲ್ಲಿ ಬಿಳಿ ಕೊಡೆ ಇರಲಿಲ್ಲ. ಅಜ್ಜನ ಒಗೆದಿಟ್ಟ ಬಿಳಿ ಪಂಚೆಯಿತ್ತು. ಅದನ್ನು ಎರಡು ಕುರ್ಚಿಗಳ ನಡುವೆ ಹಗ್ಗ ಕಟ್ಟಿ ಇಳಿಬಿಟ್ಟು, ಅದರ ಹಿಂದಿನಿಂದ ಫ್ಲ್ಯಾಶ್ ಹೊಡೆದೆವು. ಮೂಗಿನ ನೆರಳು ಕರಗಿ ಗಲ್ಲದ ಮೇಲೆ ಮೆಲ್ಲಗೆ ಹರಡಿತು.

ಇಲ್ಲಿ ಮೂರು ಮಾತು ನೆನಪಿಟ್ಟುಕೊಂಡರೆ ಅರ್ಧ ವಿದ್ಯೆ ಬಂದ ಹಾಗೆ.

ಒಂದು, ದೂರದ ಲೆಕ್ಕ. ಫ್ಲ್ಯಾಶನ್ನು ಒಂದು ಮೀಟರಿನಿಂದ ಎರಡು ಮೀಟರಿಗೆ ಒಯ್ದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ಮೀಟರಿಗೆ ಒಯ್ದರೆ ಒಂಬತ್ತರಲ್ಲಿ ಒಂದು ಪಾಲು. ಬೆಳಕು ಉದ್ದಕ್ಕೂ ಅಗಲಕ್ಕೂ ಎರಡೂ ಕಡೆ ಹರಡಿಕೊಳ್ಳುವುದರಿಂದ ಹೀಗೆ. ಬೆಳಕು ಹೆಚ್ಚಾದರೆ ಒಂದು ಹೆಜ್ಜೆ ಹಿಂದೆ, ಕಡಿಮೆಯಾದರೆ ಒಂದು ಹೆಜ್ಜೆ ಮುಂದೆ.

ಎರಡು, ನಲ್ಲಿ ಮತ್ತು ಚೊಂಬಿನ ಲೆಕ್ಕ. ಕೋಣೆಯ ದೀಪದ ಬೆಳಕು ಸಣ್ಣಗೆ ಬಿಟ್ಟ ನಲ್ಲಿಯ ನೀರು. ಷಟರ್ ಎಷ್ಟು ಹೊತ್ತು ತೆರೆದಿದ್ದರೆ ಅಷ್ಟು ತುಂಬುತ್ತದೆ. ಫ್ಲ್ಯಾಶ್ ಚೊಂಬಿನಿಂದ ಒಮ್ಮೆಗೇ ಸುರಿದ ನೀರು. ಷಟರ್ 1/60 ಇರಲಿ, 1/125 ಇರಲಿ, ಒಳಗೆ ಬೀಳುವ ನೀರು ಅಷ್ಟೇ. ಹಿಂದಿನ ಗೋಡೆ, ಕಿಟಕಿಯಾಚೆಯ ಸಂಜೆ ಕಾಣಬೇಕೆಂದರೆ ಷಟರನ್ನು ನಿಧಾನ ಮಾಡಿ. ಮುಖದ ಮೇಲಿನ ಫ್ಲ್ಯಾಶ್ ಬೆಳಕು ಬದಲಾಗುವುದಿಲ್ಲ. ಅಪರ್ಚರ್ ಎನ್ನುವುದು ಪಾತ್ರೆಯ ಬಾಯಿ. ಅದನ್ನು ಕಿರಿದು ಮಾಡಿದರೆ ನಲ್ಲಿಯ ನೀರೂ ಚೊಂಬಿನ ನೀರೂ ಎರಡೂ ಕಡಿಮೆ.

ಮೂರು, ಅವಸರ ಬೇಡ. ಮೊಮ್ಮಗಳು ಷಟರನ್ನು 1/1000ಕ್ಕೆ ತಿರುಗಿಸಿಬಿಟ್ಟಳು. ಫೋಟೊದ ಬಹುಪಾಲು ಕಪ್ಪು ಪಟ್ಟಿಯಾಗಿ ಬಂತು. ಕ್ಯಾಮೆರಾದೊಳಗೆ ಎರಡು ಪರದೆಗಳಿವೆ. ಒಂದು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಷಟರ್ ಬಹಳ ಚುರುಕಾದರೆ ಮೊದಲನೆಯದು ಪೂರ್ತಿ ತೆರೆಯುವ ಮೊದಲೇ ಎರಡನೆಯದು ಹೊರಟುಬಿಡುತ್ತದೆ. ಫ್ಲ್ಯಾಶ್ ಮಿಂಚಿದಾಗ ಪರದೆಯ ಹಿಂದೆ ಉಳಿದ ಭಾಗ ಕಪ್ಪು. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200ರ ಆಸುಪಾಸಿಗೆ ಈ ಗಡಿ. 1/125ರಲ್ಲಿ ಇಟ್ಟುಕೊಂಡರೆ ಚಿಂತೆಯಿಲ್ಲ.

ಕನ್ನಡಕದ ಹೊಳಪು? ಹೆಚ್ಚುಕಡಿಮೆ ಹೋಗಿತ್ತು. ಒಂದು ಮೂಲೆಯಲ್ಲಿ ಪಂಚೆಯ ಬಿಳಿ ಇನ್ನೂ ಇಣುಕುತ್ತಿತ್ತು. ಫ್ಲ್ಯಾಶನ್ನೂ ಪಂಚೆಯನ್ನೂ ಇನ್ನೊಂದು ಗೇಣು ಮೇಲೆತ್ತಿ, ನನ್ನ ಗದ್ದವನ್ನು ಸ್ವಲ್ಪ ತಗ್ಗಿಸಲು ಹೇಳಿದರು. ಅದೂ ಮಾಯವಾಯಿತು. ಕೇರಂ ಸ್ಟ್ರೈಕರ್ ಈಗ ಬೇರೆ ಬದಿಗೆ ಹೋಗಿತ್ತು.

ಇಷ್ಟು ಕಲಿತ ಮೇಲೆ ಮೊಮ್ಮಗನಿಗೆ ಉಮೇದು ಬಂತು. "ಮಾಮಾ, ಕಾಡಿಗೆ ಹೋಗಿ ಮಂಗಟ್ಟೆ ಹಕ್ಕಿ ಫೋಟೊ ತಗಿಯೋಣು!" ನಮ್ಮ ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ದಾಂಡೇಲಿಯ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಆದರೆ ಬೇಸಿಗೆ ಅವುಗಳ ಗೂಡಿನ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಕೂತು, ಬಾಗಿಲನ್ನು ಸಣ್ಣ ಸೀಳು ಬಿಟ್ಟು ಮುಚ್ಚಿಕೊಂಡಿರುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸಬೇಕು. ಅಲ್ಲಿ ನಾವು ಮಿಂಚು ಹೊಡೆದು ಗಂಡು ಬೆದರಿದರೆ ಒಳಗಿನ ತಾಯಿ-ಮರಿಗಳ ಊಟಕ್ಕೇ ಸಂಚಕಾರ. ಅದಕ್ಕೇ ಮಗ ಬೇಡವೆಂದ. ಗೂಡಿನ ಹತ್ತಿರ ಫ್ಲ್ಯಾಶ್ ಇಲ್ಲ, ಅಪ್ಪಣೆಯಿಲ್ಲದೆ ಕಾಡಿನೊಳಗೆ ಕಾಲಿಡುವುದೂ ಇಲ್ಲ.

ಹಾಗೆಂದು ಕಾಡಿನಲ್ಲಿ ಪಕ್ಕದ ಬೆಳಕಿನ ಕೆಲಸ ನಡೆಯುವುದೇ ಇಲ್ಲ ಎಂದಲ್ಲ. ಸುಮಾರು ನೂರು ವರ್ಷಗಳ ಹಿಂದೆ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಉತ್ತರ ಭಾರತದ ಕಾಡಿನಲ್ಲಿ ಹುಲಿ ನಡೆಯುವ ದಾರಿಗೆ ತಂತಿ ಕಟ್ಟುತ್ತಿದ್ದರು. ಹುಲಿಯ ಕಾಲು ತಾಗಿದರೆ ಫ್ಲ್ಯಾಶ್ ಮಿಂಚಿ, ಹುಲಿ ತನ್ನ ಫೋಟೊವನ್ನು ತಾನೇ ತೆಗೆದುಕೊಳ್ಳುತ್ತಿತ್ತು. ಅವರ ಪುಸ್ತಕ 1927ರಲ್ಲಿ ಬಂತು. ಮುಂದೆ 1990ರ ದಶಕದಲ್ಲಿ ನಮ್ಮ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ತಾವಾಗಿಯೇ ಕೆಲಸ ಮಾಡುವ ಕ್ಯಾಮೆರಾಗಳಿಂದ ಹುಲಿಗಳನ್ನು ಎಣಿಸುವ ಕ್ರಮವನ್ನು ಬೆಳೆಸಿದರು. ದಾರಿಯ ಎರಡು ಬದಿಗೂ ಒಂದೊಂದು ಕ್ಯಾಮೆರಾ ಇಡುತ್ತಾರೆ. ಯಾಕೆ ಗೊತ್ತೇ? ಹುಲಿಯ ಎಡಮೈಯ ಪಟ್ಟೆಯೇ ಬೇರೆ, ಬಲಮೈಯದೇ ಬೇರೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಪಕ್ಕದಿಂದ ನೋಡಿದಾಗಲೇ ಯಾವ ಹುಲಿ ಎಂದು ಗುರುತು ಸಿಗುತ್ತದೆ.

ಇದನ್ನು ಕೇಳಿ ಮೊಮ್ಮಗಳು ಸುಮ್ಮನೆ ಕೂತಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ಹುಲಿಗೂ ಅದರ ಗುರುತಿನ ಫೋಟೊ ಐತಿ. ಅಜ್ಜಾರಿಗೆ ಇಲ್ಲ."

ಅವಳ ಆ ಮಾತಿನಿಂದಲೇ ನನಗೆ ಮೈದುನರ ನೆನಪಾಯಿತು. ನಮ್ಮ ಯಜಮಾನರ ಬೆನ್ನಿಗೆ ಹುಟ್ಟಿದ ತಮ್ಮ ಹಳಿಯಾಳದಲ್ಲಿದ್ದಾರೆ. ಮಕ್ಕಳು ಅವರನ್ನು ಸಣ್ಣಜ್ಜ ಎನ್ನುತ್ತಾರೆ. ವಯಸ್ಸು ಎಪ್ಪತ್ತೆಂಟು. ಅವರಿಗೂ ದಪ್ಪ ಕನ್ನಡಕ. ಫೋನು ಮಾಡಿ, "ಭಾನುವಾರ ಊಟಕ್ಕೆ ಬರ್ರಿ, ಹಲಸಿನಹಣ್ಣು ಐತಿ" ಎಂದೆ. ಫೋಟೊದ ಮಾತು ಎತ್ತಲಿಲ್ಲ. ಎತ್ತಿದ್ದರೆ ಬರುತ್ತಿರಲಿಲ್ಲ, ಆ ಮನೆತನವೇ ಹಾಗೆ.

ಊಟವಾದ ಮೇಲೆ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಪಂಚೆ ಇಳಿಬಿಟ್ಟರು. ಮೊಮ್ಮಗ ಕೋಲು ಹಿಡಿದ. ಮೊಮ್ಮಗಳು ಕ್ಯಾಮೆರಾ ಹಿಡಿದಳು. ಮೊದಲ ನಾಲ್ಕು ಫೋಟೊಗಳಲ್ಲಿ ಸಣ್ಣಜ್ಜ ಕಾಗದಪತ್ರಕ್ಕೆ ಕೂತವರ ಹಾಗೆ ಬಿಗಿದುಕೊಂಡಿದ್ದರು. ಆಗ ನಾನು, ಅಣ್ಣ-ತಮ್ಮ ಇಬ್ಬರೂ ಹುಡುಗರಾಗಿದ್ದಾಗ ಅಟ್ಟದ ಮೇಲಿನ ಬೆಲ್ಲ ಕದ್ದು ಇರುವೆ ಕಚ್ಚಿಸಿಕೊಂಡ ಕಥೆ ತೆಗೆದೆ. ಸಣ್ಣಜ್ಜ ನಕ್ಕರು. ಕ್ಲಿಕ್.

ಕ್ಯಾಮೆರಾದ ಹಿಂದಿನ ಪರದೆಯನ್ನು ನನ್ನ ಮುಂದೆ ಹಿಡಿದಳು. ಗಾಜಿನ ಮೇಲೆ ಒಂದು ಚೂರೂ ಹೊಳಪಿಲ್ಲ. ಅದರ ಹಿಂದೆ ಎರಡು ಸಣ್ಣ ಕಣ್ಣು, ನಗುವಿನಲ್ಲಿ ಮುಚ್ಚಿಹೋಗಲು ಹೊರಟಿದ್ದವು. ಹೊರಮೂಲೆಯಲ್ಲಿ ಮೂರು ಮೂರು ಗೆರೆ. ಪಾಪೆಯಲ್ಲಿ ಅಜ್ಜನ ಪಂಚೆಯದೇ ಒಂದು ಪುಟ್ಟ ಬಿಳಿ ಚೌಕ ಮಿನುಗುತ್ತಿತ್ತು.

"ಇವs ನೋಡವಾ," ಎಂದೆ. "ನಿಮ್ಮ ಅಜ್ಜಾರ ಕಣ್ಣು ಹಿಂಗs ಇದ್ವು."

ಆ ಫೋಟೊ ಈಗ ಹಳೆಯದರ ಪಕ್ಕದಲ್ಲಿದೆ. ಹಳೆಯದನ್ನು ತೆಗೆದಿಲ್ಲ. ಅದನ್ನು ತೆಗೆದವರ ತಪ್ಪೂ ಅಲ್ಲ ಅದು. ಜನ ತುಂಬಿದ ಸಭೆಯಲ್ಲಿ ಪಕ್ಕಕ್ಕೆ ಕೋಲು ಹಿಡಿಯುವವರು ಯಾರು?

ಈಗ ಈ ವಾರದ ಕೆಲಸ. ಕ್ಯಾಮೆರಾ, ಫ್ಲ್ಯಾಶ್ ಇಲ್ಲದವರೂ ಮಾಡಬಹುದು. ಮನೆಯಲ್ಲಿರುವ ಎರಡು ಮೊಬೈಲು ಸಾಕು. ಒಂದರಲ್ಲಿ ಫ್ಲ್ಯಾಶ್ ಆರಿಸಿ ಫೋಟೊ ತೆಗೆಯಿರಿ. ಇನ್ನೊಂದರ ಟಾರ್ಚ್ ಹೊತ್ತಿಸಿ, ಬಿಳಿ ಬಟ್ಟೆಯ ಹಿಂದಿನಿಂದ, ಪಕ್ಕಕ್ಕೆ ಮತ್ತು ಸ್ವಲ್ಪ ಮೇಲಕ್ಕೆ ಹಿಡಿಯಲು ತಮ್ಮನಿಗೋ ತಂಗಿಗೋ ಹೇಳಿ. ಮೊಬೈಲನ್ನು ಡಬ್ಬಿಗೆ ಆನಿಸಿದರೆ ಅಲುಗಾಡುವುದಿಲ್ಲ. ಬೆಳಕನ್ನು ಹತ್ತಿರದಿಂದ ಕಣ್ಣಿಗೆ ನೇರ ಬಿಡಬೇಡಿ. ಎಳೆಗೂಸಿನ ಮುಂದಂತೂ ಬೇಡವೇ ಬೇಡ. ಮೊದಲು ಹಲಸಿನಹಣ್ಣಿನ ಮೇಲೋ ತೆಂಗಿನಕಾಯಿಯ ಮೇಲೋ ಕೈ ಪಳಗಿಸಿಕೊಳ್ಳಿ, ಆಮೇಲೆ ಅಜ್ಜ-ಅಜ್ಜಿಯರ ಬಳಿಗೆ ಬನ್ನಿ.

ಅಜ್ಜ-ಅಜ್ಜಿಯರಿಗೂ ಒಂದು ಕೆಲಸವಿದೆ. "ಈ ವಯಸ್ಸಿನಾಗ ನನ್ನ ಫೋಟೊ ಯಾಕ ಬೇಕು" ಎಂದು ಮುಖ ತಿರುಗಿಸಬೇಡಿ. ಹತ್ತು ನಿಮಿಷ ಕೂತುಕೊಳ್ಳಿ. ಮುಂದೊಂದು ದಿನ ನಿಮ್ಮ ಕಣ್ಣು ಹೇಗಿತ್ತೆಂದು ಕೇಳುವ ಮಗುವಿಗೆ ಉತ್ತರ ಸಿದ್ಧವಿರಲಿ.

ಮುಂದಿನ ವಾರ ಮತ್ತೆ ಭೇಟಿಯಾಗೋಣ.